ಕಪ್ಪು ನೆಲದ ಆರು ಕಿಲೋಮೀಟರು

ಫೆಬ್ರವರಿ ೩೦, ೨೧೭೮
ಬಾರೋ ನದಿಯ ದಂಡೆ, ಗಂಬೇಲಾ ಬಯಲು

ಫಕೀರವ್ವ ಅಣ್ಣಿಗೇರಿ ಅವರಿಗೆ, ನಿಮ್ಮ ಮಗಳ ಮೊಮ್ಮಗಳ ಮಗಳಾದ ಸುಮೇಧಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇದು ಯಾರದೋ ಚೇಷ್ಟೆ ಎಂದುಕೊಂಡು ಕಾಗದವನ್ನು ಮಡಚಿಡಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇಲ್ಲ, ನಮ್ಮದಕ್ಕೆ ಇದೆ. ನಾನು ಹುಟ್ಟುವ ಮೊದಲೇ ತಿಂಗಳುಗಳನ್ನು ಸಮನಾಗಿ ಹಂಚಿದರಂತೆ. ಆಗ ನಿಮ್ಮ ಕಾಲದ ಕೆಲವು ತಾರೀಖುಗಳು ಕಳೆದವು, ಇಲ್ಲದ ಕೆಲವು ಬಂದವು. ನನ್ನ ಭಾಷೆಗೂ ಕ್ಷಮೆ ಇರಲಿ. ನಾವು ಈಗ ಕಚೇರಿಯಲ್ಲಿ ಬಳಸುವ ಕನ್ನಡದಲ್ಲಿ ಬರೆದರೆ ನಿಮಗೆ ಅರ್ಧವೂ ತಿಳಿಯದು. ನಿಮ್ಮ ಕಾಲದ ಹಳೆಯ ದಿನಪತ್ರಿಕೆಗಳನ್ನು ಎದುರಿಗೆ ಹರಡಿಕೊಂಡು, ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯ ಮಾತು ಮಾತ್ರ ಹೆಚ್ಚು ಬದಲಾಗಿಲ್ಲ. ಅದು ಬಂದಲ್ಲಿ ನಿಮಗೆ ಗುರುತು ಸಿಕ್ಕೀತು.

ನನಗೀಗ ಅರವತ್ತಾರು. ನೀವಿರುವ ವರ್ಷದಲ್ಲಿ ನಿಮಗೆ ಇಪ್ಪತ್ತೊಂಬತ್ತು. ಎದುರಿಗೆ ಸಿಕ್ಕರೆ ನೀವೇ ನನ್ನ ಕೈಹಿಡಿದು ಹಳಿ ದಾಟಿಸುತ್ತಿದ್ದಿರಿ. ಆದರೂ ನಿಮ್ಮನ್ನು ಏಕವಚನದಲ್ಲಿ ಕರೆಯಲು ನಾಲಿಗೆ ಏಳುವುದಿಲ್ಲ. ನಿಮ್ಮದೊಂದು ಚಿತ್ರ ನಮ್ಮಲ್ಲಿದೆ: ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೀಟು, ಹೆಗಲ ಮೇಲೆ ಸುತ್ತಿಗೆ, ಬಿಸಿಲಿಗೆ ಕಿರಿದಾದ ಕಣ್ಣು. ಅಣ್ಣಿಗೇರಿಯ ಆಚೀಚೆ ದಿನವೂ ಮೈಲುಗಟ್ಟಲೆ ಹಳಿಯ ಮೇಲೆ ನಡೆದು, ಸಡಿಲಾದದ್ದನ್ನು ಬಿಗಿದು, ಬಿರುಕು ಬಿಟ್ಟದ್ದನ್ನು ಹುಡುಕುವ ಕೆಲಸ ನಿಮ್ಮದು. ನನ್ನದೂ ಹಳಿಯ ಕೆಲಸವೇ. ನಾನು ಹಳಿ ಹಾಕುವವಳು.

ನಮ್ಮ ಕಾಲದಲ್ಲಿ ವಿಮಾನವನ್ನು ತೀರ ಅಗತ್ಯವಿದ್ದವರಷ್ಟೇ ಹತ್ತುತ್ತಾರೆ. ದೂರದ ಪ್ರಯಾಣವೆಂದರೆ ಹಡಗು ಅಥವಾ ರೈಲು. ಆದ್ದರಿಂದ ನಲವತ್ತು ದೇಶಗಳು ಸೇರಿ ‘ಹಳಿಕೂಟ’ ಎಂಬ ಸಂಸ್ಥೆ ಕಟ್ಟಿಕೊಂಡಿವೆ. ಎಲ್ಲಿ ಹೊಸ ದಾರಿ ಬೇಕೋ ಅಲ್ಲಿಗೆ ಆ ನಲವತ್ತು ದೇಶಗಳಿಂದ ನಮ್ಮಂಥವರನ್ನು ಕಳಿಸುತ್ತದೆ. ಬೆಳಗಿನ ಹನ್ನೊಂದರಿಂದ ನಾಲ್ಕರವರೆಗೆ ಬಯಲಲ್ಲಿ ದುಡಿಯುವುದನ್ನು ಕಾನೂನು ನಿಷೇಧಿಸಿದೆ. ಆ ಹೊತ್ತಿಗೆ ‘ಬಿಸಿಲುಮುಚ್ಚು’ ಎನ್ನುತ್ತೇವೆ. ನೀವು ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಸುತ್ತಿಗೆ ಹೊತ್ತು ನಡೆದಿರಿ ಎಂದರೆ ನನ್ನ ಜೊತೆಯವರು ನಂಬುವುದಿಲ್ಲ. ಬೇರೆ ಭಾಷೆಯವರ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುವ ಕಾಳಿನಷ್ಟು ಚಿಕ್ಕ ಯಂತ್ರವೊಂದು ಕಿವಿಯಲ್ಲಿರುತ್ತದೆ. ಕನ್ನಡಿಗರು ಅದಕ್ಕೆ ‘ಕಿವಿಮಾತು’ ಎಂದು ಹೆಸರಿಟ್ಟಿದ್ದಾರೆ. ಆದರೂ ಯೋಜನೆಯ ಮುಖ್ಯಸ್ಥರಾಗುವವರು ಹೋದ ಊರಿನ ಮುನ್ನೂರು ಮಾತನ್ನು ಸ್ವಂತ ಬಾಯಿಂದ ಕಲಿಯಲೇಬೇಕು ಎಂಬುದು ಹಳಿಕೂಟದ ನಿಯಮ.

ಆ ನಿಯಮದ ಬೆಲೆ ನನಗೆ ತಡವಾಗಿ ತಿಳಿಯಿತು. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಇಪ್ಪತ್ಮೂರನೆಯ ವಯಸ್ಸಿಗೆ ಚಿಲಿ ದೇಶದ ಮರಳುಗಾಡಿಗೆ ಹೋದೆ. ಹಳಿಯ ಮೇಲೆ ಮರಳು ಕೂರದಂತೆ ಗೋಡೆ ಎಲ್ಲಿ ಕಟ್ಟಬೇಕು ಎಂದು ಗಾಳಿಯನ್ನು ಅಳೆಯುವುದೇ ಆರು ವರ್ಷ ನನ್ನ ಕೆಲಸವಾಗಿತ್ತು. ಆಮೇಲೆ ನಾರ್ವೆಯ ಸುರಂಗಗಳಲ್ಲಿ ಎಂಟು ವರ್ಷ. ಮೂವತ್ತೊಂಬತ್ತಕ್ಕೆ ವಿಯೆಟ್ನಾಮಿನ ಗುಡ್ಡದ ದಾರಿಯೊಂದಕ್ಕೆ ಮೊದಲ ಬಾರಿ ಮುಖ್ಯಸ್ಥೆಯಾದೆ, ಮೊದಲ ವರ್ಷದಲ್ಲೇ ಮುಗ್ಗರಿಸಿದೆ. ಸಭೆಯಲ್ಲಿ ನಾನು ಹೇಳಿದ್ದಕ್ಕೆಲ್ಲ ಅಲ್ಲಿಯ ಮೇಸ್ತ್ರಿಗಳು ತಲೆಯಾಡಿಸಿದರು. ಒಪ್ಪಿದರು ಎಂದುಕೊಂಡು ಸೇತುವೆಯ ಕಂಬಗಳಿಗೆ ಕಾಂಕ್ರೀಟು ಹಾಕಿಸಿದೆ. ಅಲ್ಲಿ ಒಳಗೆ ನೀರು ಹರಿಯುತ್ತದೆಂದು ಅವರಿಗೆಲ್ಲ ಗೊತ್ತಿತ್ತು. ನಾಲ್ಕು ತಿಂಗಳ ಕೆಲಸ ಒಡೆದು ಹಾಕಬೇಕಾಯಿತು. ಅವರು ತಲೆಯಾಡಿಸಿದ್ದು ‘ಕೇಳಿಸಿತು’ ಎಂದು ತಿಳಿಸಲು. ನಮ್ಮ ಮನೆಯಲ್ಲಿ ಕಥೆ ಕೇಳುವವರೂ ಸಾಲು ಸಾಲಿಗೆ ‘ಹೂಂ’ ಅನ್ನುತ್ತಾರಲ್ಲ, ಅದೂ ಒಪ್ಪಿಗೆಯಲ್ಲ. ಆ ‘ಹೂಂ’ ಕೇಳಿಯೇ ಬೆಳೆದವಳಿಗೆ ಇದು ಹೊಳೆಯದೆ ಹೋಯಿತು.

ಐವತ್ತಾರನೆಯ ವಯಸ್ಸಿನಲ್ಲಿ ಇಥಿಯೋಪಿಯಾದ ಈ ಬಯಲಿಗೆ ಬಂದೆ. ಬೆಟ್ಟದ ಬುಡದಿಂದ ನೈಲ್ ನದಿಯ ಬಂದರಿನವರೆಗೆ ನಾನೂರ ಹನ್ನೆರಡು ಕಿಲೋಮೀಟರು ಹಳಿ ಹಾಕಬೇಕಿತ್ತು. ಬಂಡಿಯಿಂದ ಇಳಿದು ಕಾಲಡಿ ನೋಡಿದವಳು ಹಾಗೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಎರೆ ಮಣ್ಣು. ನಮ್ಮ ಅಣ್ಣಿಗೇರಿಯ ಹೊಲದ ಕಪ್ಪು, ಅದೇ ಬಿರುಕು. ಸುತ್ತ ಜೋಳ ಬೆಳೆದಿತ್ತು. ಇಷ್ಟು ದೂರ ಬಂದು ಊರಿಗೇ ಬಂದಂತಾಯಿತು. ಜೊತೆಗೆ ಬಂದಿದ್ದ ಸ್ಥಳೀಯ ಎಂಜಿನಿಯರ್ ಒಜುಲು ನನ್ನನ್ನು ನೋಡಿ, ಇವಳಿಗೆ ತಲೆ ಸುತ್ತು ಬಂದಿದೆ ಎಂದುಕೊಂಡು ನೀರು ತಂದುಕೊಟ್ಟ.

ಒಜುಲುವಿಗೆ ಆಗ ಮೂವತ್ತು ವರ್ಷ. ಅವನು ನನಗೆ ತನ್ನ ಅನ್ಯುವಾಕ್ ಭಾಷೆಯ ಮುನ್ನೂರು ಮಾತು ಕಲಿಸಬೇಕಿತ್ತು. ಕಲಿಸುವಾಗ ಪ್ರತಿ ಮಾತಿಗೂ ‘ನಿಮ್ಮಲ್ಲಿ ಇದಕ್ಕೇನಂತೀರಿ?’ ಎಂದು ಕೇಳುತ್ತ ಹೋದ. ನಾನು ಮುನ್ನೂರಕ್ಕೆ ನಿಂತೆ. ಅವನು ನಿಲ್ಲಲಿಲ್ಲ. ಆರು ವರ್ಷದಲ್ಲಿ ಅವನ ಬಾಯಲ್ಲಿ ನಮ್ಮ ಕಡೆಯ ಕನ್ನಡ ನನಗಿಂತ ಚೆನ್ನಾಗಿ ಆಡತೊಡಗಿತು. ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಿದ್ದ. ಮಧ್ಯಾಹ್ನದ ಬಿಸಿಲುಮುಚ್ಚಿನಲ್ಲಿ ಇಬ್ಬರೂ ಕೂತು ಅಲ್ಲಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದೆವು. ಮದುವೆ ಮಾಡಿಕೊಳ್ಳದೆ ದೇಶ ದೇಶ ತಿರುಗಿದವಳಿಗೆ ಅವನ ಮನೆಯೇ ಮನೆಯಾಯಿತು. ಅವನ ತಂಗಿ ಅಕೆಲೋ ನನ್ನ ಕೂದಲಿಗೆ ಎಣ್ಣೆ ಹಚ್ಚುತ್ತಿದ್ದಳು. ಹೆರಿಗೆಗೆಂದು ಆಕೆಯನ್ನು ದೋಣಿಯಲ್ಲಿ ಮೂರು ದಿನದ ದಾರಿಯ ದವಾಖಾನೆಗೆ ಒಯ್ಯುವಾಗ ನಾನೂ ದೋಣಿಯಲ್ಲಿದ್ದೆ. ಎರಡನೆಯ ದಿನವೇ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ. ಈ ಹಳಿ ಆಗಲೇ ಇದ್ದಿದ್ದರೆ ಅದು ಅರ್ಧ ದಿನದ ದಾರಿ.

ಎರೆ ಮಣ್ಣಿನ ಗುಣ ನಿಮಗೆ ನಾನು ಹೇಳಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಮೇಲಿರುವ ಹಳಿಯೂ ಅದರೊಂದಿಗೆ ಏಳುತ್ತದೆ, ಇಳಿಯುತ್ತದೆ. ಅದಕ್ಕಾಗಿ ಹಳಿಯ ಏರಿಯ ಕೆಳಗೆ, ಎರಡೂ ಬದಿಗೆ ಅಗಲವಾಗಿ, ತೇವವನ್ನು ಒಂದೇ ಹದದಲ್ಲಿಡುವ ದಪ್ಪ ಹಾಳೆ ಹಾಸುತ್ತೇವೆ. ಕೊನೆಯ ಆರು ಕಿಲೋಮೀಟರು ಬಾಕಿ ಇದ್ದಾಗ ಹಾಳೆ ಸಾಲದೆ ಬಂತು. ಹೊಸದು ಬರಲು ಏಳು ತಿಂಗಳು ಬೇಕಿತ್ತು. ಎರಡು ವರ್ಷದಿಂದ ಮಳೆಯಿಲ್ಲದೆ ನೆಲ ಕಲ್ಲಿನಂತಿತ್ತು. ಮಣ್ಣಿನೊಳಗೆ ಹುಗಿದು ತೇವವನ್ನು ಆಲಿಸುವ ‘ನೆಲಗಿವಿ’ ಎಂಬ ತಂತಿಗಳು ಎಲ್ಲ ಸರಿಯಿದೆ ಎಂದು ಹೇಳುತ್ತಿದ್ದವು. ಇಲ್ಲಿ ಮಾತ್ರ ಹಾಳೆ ಕಿರಿದಾಗಿದ್ದರೂ ನಡೆದೀತು ಎಂದು ನಾನೇ ಸಹಿ ಮಾಡಿದೆ.

ಹಳಿ ಮುಗಿಯಿತು. ಮೊದಲ ರೈಲಿಗೆ ದಿನ ಗೊತ್ತಾಯಿತು. ಅದಕ್ಕೆ ಇಪ್ಪತ್ತು ದಿನ ಮುಂಚೆ ಆ ಆರು ಕಿಲೋಮೀಟರನ್ನು ನಡೆದು ನೋಡಲು ಹೋದೆ. ಏರಿಯ ಬುಡದಲ್ಲಿ ಒಂದು ಬಿರುಕು ಕಂಡಿತು. ಕೈಯಲ್ಲಿದ್ದ ಅಳತೆಗೋಲನ್ನು ಇಳಿಬಿಟ್ಟೆ, ಹಿಡಿಕೆಯವರೆಗೂ ಇಳಿಯಿತು. ಅದು ಹಾಳೆಯ ಅಂಚನ್ನು ದಾಟಿ ಹಳಿಯ ಕೆಳಗೇ ಹೊಕ್ಕಿತ್ತು. ಮಳೆ ಬಂದರೆ ನೀರು ನೇರವಾಗಿ ಅಲ್ಲಿಗೇ ಹೋಗುತ್ತದೆ. ನೆಲಗಿವಿಗಳು ಒಣ ನೆಲವನ್ನಷ್ಟೇ ಕೇಳಿ ಬಲ್ಲವು, ಒದ್ದೆ ನೆಲದ ಸದ್ದು ಅವಕ್ಕೆ ಗೊತ್ತೇ ಇರಲಿಲ್ಲ. ನಾನು ಅದೇ ಬೆಳಿಗ್ಗೆ ಹಳಿಕೂಟಕ್ಕೆ ಬರೆದೆ: ತಪ್ಪು ನನ್ನ ಸಹಿಯದು, ಒಂದು ಪೂರ್ಣ ಮಳೆಗಾಲ ಕಳೆಯುವವರೆಗೆ ಈ ದಾರಿಯ ಮೇಲೆ ರೈಲು ಓಡಬಾರದು.

ಒಜುಲು ಕಾಗದವನ್ನು ಓದಿ ನನ್ನ ಕೈಗೆ ಮರಳಿ ಕೊಟ್ಟ.

“ಅಕ್ಕಾರ, ಮಳಿಗಾಲ ಮುಗಿಯೂತನಕ ಕಾಯ್ರಿ ಅಂತ ಈ ಮಂದಿಗೆ ನಾ ಹ್ಯಾಂಗ ಹೇಳ್ಲಿ? ಇವರು ಹುಟ್ಟಿದಾಗಿಂದ ಕಾಯಾಕ ಹತ್ಯಾರ.”

“ನೆಲ ಒಮ್ಮೆ ನೀರು ಕುಡೀಲಿ, ಒಜುಲು. ಒಂದ ಮಳಿಗಾಲ.”

“ಅಕೆಲೋನ ಕೂಸು ಹೋದಾಗ ನೀವೂ ದೋಣ್ಯಾಗಿದ್ರಿ.”

“ಇದ್ದೆ.”

“ಹಂಗಿದ್ದೂ ಹೇಳ್ತೀರಿ.”

“ಹಂಗಿದ್ದೂ ಹೇಳ್ತೀನಿ.”

ಅವನು ಎದ್ದು ಹೋದ. ಮರುದಿನದಿಂದ ನನ್ನೊಡನೆ ಕೆಲಸದ ಮಾತಷ್ಟೇ ಆಡಿದ, ಅದೂ ಕಿವಿಮಾತಿನ ಮೂಲಕ, ತನ್ನ ಭಾಷೆಯಲ್ಲಿ.

ಆ ವರ್ಷ ಮಳೆ ಬರಲಿಲ್ಲ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ನಾನು ದಿನವೂ ಆಕಾಶ ನೋಡಿದೆ. ಮೋಡ ಬಂದು ಬೆಟ್ಟದ ಕಡೆಗೆ ಹೋಗುತ್ತಿತ್ತು. ನದಿದಂಡೆಯ ಊರಿನವರು ಮುಗಿದು ನಿಂತ ಹಳಿಯನ್ನೂ, ಅದರ ಮೇಲೆ ನಿಂತೇ ಇದ್ದ ಬಂಡಿಗಳನ್ನೂ ನೋಡಿಕೊಂಡು ದೋಣಿ ಹತ್ತುತ್ತಿದ್ದರು. ಪರೀಕ್ಷಿಸಲು ಬಂದವರಿಗೆ ಹಳಿ ಕೂದಲೆಳೆಯಷ್ಟೂ ಅಲುಗಿದ್ದು ಕಾಣಲಿಲ್ಲ. ವರ್ಷದ ಕೊನೆಗೆ ಹಳಿಕೂಟ ನನ್ನನ್ನು ಕೆಲಸದಿಂದ ಇಳಿಸಿತು. ರೈಲು ಓಡಿಸಲು ಹೇಳಿ ನನ್ನ ಜಾಗಕ್ಕೆ ಒಜುಲುವನ್ನು ನೇಮಿಸಿತು. ಅವನು ಒಪ್ಪಿಕೊಂಡ ಎಂಬ ಸುದ್ದಿ ನನಗೆ ಮೂರನೆಯವರಿಂದ ತಿಳಿಯಿತು. ನಾನು ಹೊರಟ ದಿನ ಅಕೆಲೋ ಬಂದು ಅಳುತ್ತ ನಿಂತಿದ್ದಳು. ಅವನು ಬರಲಿಲ್ಲ.

ಅಣ್ಣಿಗೇರಿಗೆ ಬಂದು ನನ್ನ ತಾಯಿಯ ತಂಗಿ, ಚಿಗವ್ವ ಕಲ್ಲವ್ವನ ಮನೆಯಲ್ಲಿ ಉಳಿದೆ. ನಲವತ್ತು ವರ್ಷ ಕಟ್ಟಿದ ಹೆಸರು ಬಿರುಕಿನಲ್ಲಿ ಬಿದ್ದುಹೋಯಿತು ಅನ್ನಿಸುತ್ತಿತ್ತು. ನನ್ನನ್ನು ಹೆಚ್ಚು ಚುಚ್ಚಿದ್ದು ಒಂದು ಸಂಶಯ: ನಾನು ನಿಲ್ಲಿಸಿದ್ದು ನೆಲಕ್ಕಾಗಿಯೋ, ನನ್ನ ಸಹಿಯ ಹೆದರಿಕೆಗಾಗಿಯೋ? ತಿಂಗಳುಗಟ್ಟಲೆ ಯಾರೊಡನೆಯೂ ಮಾತಾಡಲಿಲ್ಲ. ಒಂದು ದಿನ ಚಿಗವ್ವ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಮುಂದೆ ಇಟ್ಟಳು.

“ಮಾರಿ ಹಿಂಗ ಮಾಡ್ಕೊಂಡು ಎಷ್ಟು ದಿನಾ ಕುಂದ್ರಾಕಿ? ಇದನ್ನ ಓದು. ಓದಿ ರೊಟ್ಟಿ ತಿನ್ನಾಕ ಬಾ.”

ಒಳಗೆ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಸುತ್ತಿದ ಒಂದು ಕಾಗದವಿತ್ತು. ನಿಮಗೆ ಬಂದ ಮೆಮೊ. ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಕೆಂಪು ಬಾವುಟ ಹಿಡಿದು ಗೂಡ್ಸ್ ಗಾಡಿಯನ್ನು ಇಪ್ಪತ್ತೈದು ನಿಮಿಷ ನಿಲ್ಲಿಸಿದ್ದೀರಿ. ಹಳಿಯನ್ನು ಪರೀಕ್ಷಿಸಲಾಗಿ ಯಾವ ದೋಷವೂ ಕಂಡಿಲ್ಲ. ಸಮಜಾಯಿಷಿ ಕೊಡಿ ಎಂದು ಮೇಲಿನವರು ಕೇಳಿದ್ದರು. ಅದರ ಕೆಳಗೆ ದಪ್ಪ ದಪ್ಪ ಅಕ್ಷರದಲ್ಲಿ ನಿಮ್ಮ ಉತ್ತರದ ನಕಲು: ‘ಸುತ್ತಿಗಿ ಹೊಡದಾಗ ಹಳಿ ಸಪ್ಪಳ ಬ್ಯಾರೆ ಬಂತು. ನನಗೆ ಹಂಗ ಕೇಳಿಸಿತು. ಮತ್ತೊಮ್ಮೆ ಹಂಗ ಕೇಳಿಸಿದರೂ ನಿಲ್ಲಸತೇನಿ.’

ಫಕೀರವ್ವಾರ, ಅದನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹಳಿ ಸರಿಯಾಗಿಯೇ ಇತ್ತು, ನೀವು ನಿಲ್ಲಿಸಿದ್ದೂ ಸರಿಯಾಗಿಯೇ ಇತ್ತು. ಈ ಎರಡೂ ಒಟ್ಟಿಗೆ ನಿಜವಾಗಬಹುದು ಎಂದು ನನಗೆ ಯಾವ ಕಾಲೇಜೂ ಹೇಳಿರಲಿಲ್ಲ. ಆ ದಿನ ನೀವು ಮನೆಗೆ ಬಂದು ಯಾರಿಗೆ ಏನು ಹೇಳಿದಿರಿ, ಉಂಡಿರೋ ಇಲ್ಲವೋ, ಮರುದಿನ ಜೊತೆಯವರು ನಕ್ಕರೋ, ನನಗೆ ಗೊತ್ತಿಲ್ಲ. ಯಾರಾದರೂ ನಕ್ಕಿದ್ದರೆ, ನೂರೈವತ್ತು ವರ್ಷ ಆಚೆಯಿಂದ ಒಬ್ಬಳು ನಿಮ್ಮ ಪಕ್ಕ ನಿಂತಿದ್ದಾಳೆ ಎಂದು ತಿಳಿಯಿರಿ. ಅವತ್ತು ನಾನು ಎದ್ದು ಹೋಗಿ ಎರಡು ರೊಟ್ಟಿ ತಿಂದೆ.

ಮರುವರ್ಷದ ಆಗಸ್ಟಿನಲ್ಲಿ ಇಲ್ಲಿ, ಗಂಬೇಲಾ ಬಯಲಲ್ಲಿ, ಮಳೆ ಹೊಡೆಯಿತು. ಆರು ಕಿಲೋಮೀಟರಿನ ನಡುಮಧ್ಯದಲ್ಲಿ ಹಳಿ ಒಂದು ಗೇಣು ಮೇಲೆದ್ದು ಒಂದು ಬದಿಗೆ ವಾಲಿತು. ರೈಲು ಅದರ ಮೇಲೆಯೇ ಇತ್ತು ಎಂದಷ್ಟೇ ಸುದ್ದಿ ಮೊದಲು ಬಂತು. ಆ ದಿನ ಮಧ್ಯಾಹ್ನದವರೆಗೆ ನಾನು ಬದುಕಿದ್ದೆ ಎಂದು ಹೇಳಲಾರೆ. ಆಮೇಲೆ ಇನ್ನೊಂದು ಸುದ್ದಿ ಬಂತು: ಎಂಜಿನ್ನಿನ ಮುಂದಿನ ಗಾಲಿಗಳು ಹಳಿ ಬಿಟ್ಟಿದ್ದವು, ಮುನ್ನೂರ ನಲವತ್ತು ಜನ ಮೊಣಕಾಲು ನೀರಿಗೆ ಇಳಿದು, ಸಾಲಾಗಿ ನಡೆದು ದಿಬ್ಬ ಸೇರಿದರು, ಒಬ್ಬರಿಗೂ ಪೆಟ್ಟಾಗಿಲ್ಲ. ಹೇಗೆ ಸಾಧ್ಯ ಎಂದು ನನಗೆ ತಿಳಿಯಲಿಲ್ಲ. ಆ ದಾರಿಯ ರೈಲಿನ ವೇಗಕ್ಕೆ ಎಂಜಿನ್ ಮಗುಚಿ ಬೀಳಬೇಕಿತ್ತು.

ಮಳೆಗಾಲ ಮುಗಿದ ಮೇಲೆ ಒಜುಲು ಬಂದ. ಹಡಗು, ರೈಲು ಸೇರಿ ಹನ್ನೊಂದು ದಿನದ ದಾರಿ. ಬಿಸಿಲುಮುಚ್ಚಿನ ಹೊತ್ತಿಗೆ ಚಿಗವ್ವನ ಹೊಸ್ತಿಲಾಚೆ ನಿಂತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು.

“ಒಳಗ ಬಾ, ಕುಂದ್ರು,” ಅಂದೆ.

“ಮೊದ್ಲ ಹೇಳ್ತೀನ್ರಿ. ಕೇಳಿದ ಮ್ಯಾಲೂ ಕುಂದ್ರು ಅಂದ್ರ ಕುಂದರ್ತೀನಿ.”

ನಿಂತೇ ಹೇಳಿದ. ಅಧಿಕಾರ ವಹಿಸಿಕೊಳ್ಳುವಾಗ ಅವನು ಹಳಿಕೂಟಕ್ಕೆ ಒಂದು ಶರತ್ತು ಹಾಕಿದ್ದನಂತೆ. ಆ ಆರು ಕಿಲೋಮೀಟರಿನಲ್ಲಿ ರೈಲು ಮನುಷ್ಯರ ನಡಿಗೆಯ ವೇಗದಲ್ಲೇ ಹೋಗಬೇಕು, ಮುಂದೆ ಇಬ್ಬರು ಬಾವುಟ ಹಿಡಿದು ಹಳಿ ನೋಡುತ್ತ ನಡೆಯಬೇಕು. ಎಲ್ಲರೂ ನಕ್ಕಿದ್ದರು. ಚಾಲಕರು ಗೊಣಗಿದ್ದರು. ಪ್ರಯಾಣಿಕರು ಬೇಸರಕ್ಕೆ ಇಳಿದು ಶೇಂಗಾ ತಿನ್ನುತ್ತ ರೈಲಿನ ಪಕ್ಕದಲ್ಲೇ ನಡೆಯುತ್ತಿದ್ದರಂತೆ. ಆಗಸ್ಟಿನ ಆ ದಿನ ಮುಂದೆ ನಡೆಯುತ್ತಿದ್ದವರು ಬಾವುಟ ಎತ್ತಿದ್ದರು. ರೈಲು ನಿಂತಿತ್ತು. ನಿಂತ ಮೇಲೆ ಅದರ ಕಾಲಡಿಯ ನೆಲ ಸರಿದಿತ್ತು.

“ನಿಮ್ಮ ಮಾತು ನಾ ನಂಬಲಿಲ್ಲ ಅಂತ ತಿಳ್ಕೊಂಡ್ರಲ್ರಿ, ಅಕ್ಕಾರ? ನಂಬಿದ್ದಕ್ಕ ನಡಸ್ಕೋತ ಒಯ್ದೆ.”

“ಹಂಗಂತ ನನಗ ಒಂದು ಮಾತು ಹೇಳ್ಬೇಕಿತ್ತಿಲ್ಲೋ.”

“ನೀವು ಕೇಳೂ ಹಂಗಿರ್ಲಿಲ್ರಿ.” ಅವನು ನೆಲ ನೋಡಿದ. “ಅಕೆಲೋನ ಹೊಟ್ಯಾಗ ಮತ್ತ ಕೂಸಿತ್ತು. ಆಕಿನ್ನ ಮತ್ತ ದೋಣ್ಯಾಗ ಹೆಂಗ ಕಳಸ್ಲಿ?”

“ಈಗ?”

“ರೈಲಿನ್ಯಾಗ ಹೋದ್ಲು. ಹೆಣ್ಣು ಕೂಸು. ಚೊಲೋ ಐತಿ.”

ನಾನು ಎದ್ದು ಹೋಗಿ ಅವನ ಕೈಹಿಡಿದು ಒಳಗೆ ಕರೆತಂದೆ. ಚಿಗವ್ವ ನೀರು ಕೊಟ್ಟಳು. ಅವನು ಕೂತ. ನಲವತ್ತು ವರ್ಷದ ಅನುಭವದವಳಿಗೆ ದಾರಿ ತೆರೆಯುವುದು, ಮುಚ್ಚುವುದು ಎಂಬ ಎರಡೇ ಕಂಡಿದ್ದವು. ತೆರೆದ ದಾರಿಯಲ್ಲಿ ನಡೆದು ಹೋಗಬಹುದು ಎಂಬುದು ಅವನಿಗೆ ಕಂಡಿತ್ತು, ಏಕೆಂದರೆ ಆ ದಾರಿಗಾಗಿ ಕಾಯುತ್ತಿದ್ದವರ ಮನೆ ಅವನದು. ಅವನನ್ನು ನಾನು ಕೇಳಿದ್ದರೆ ಹೇಳುತ್ತಿದ್ದ. ನಾನು ಅವನ ಸಿಟ್ಟನ್ನು ಕೇಳಿದೆ, ಅವನ ಮಾತನ್ನು ಕೇಳಲಿಲ್ಲ. ವಿಯೆಟ್ನಾಮಿನಲ್ಲಿ ಮಾಡಿದ್ದನ್ನೇ ಇಪ್ಪತ್ಮೂರು ವರ್ಷಗಳ ನಂತರ ಬೇರೆ ರೀತಿಯಲ್ಲಿ ಮಾಡಿದ್ದೆ.

ಅವನ ಜೊತೆಗೇ ಈ ಬಯಲಿಗೆ ಹಿಂದಿರುಗಿದೆ. ಹಳಿಕೂಟ ಹಳೆಯ ಹುದ್ದೆಯನ್ನು ಮತ್ತೆ ಕೊಡಲು ಬಂತು, ಬೇಡವೆಂದೆ. ಒಜುಲು ಮುಖ್ಯಸ್ಥ, ನಾನು ಅವನ ಕೈಕೆಳಗೆ ಮಣ್ಣಿನ ಕೆಲಸದವಳು. ಆರು ಕಿಲೋಮೀಟರನ್ನೂ ಅಗೆದು, ಹಾಳೆಯನ್ನು ಅಗಲಕ್ಕೆ ಹಾಸಿ, ಮತ್ತೆ ಕಟ್ಟಿದೆವು. ಹೋದ ವರ್ಷದ ಮಳೆಗಾಲ ಪೂರ್ತಿ ಇಬ್ಬರೂ ಸರದಿಯಂತೆ ಕೊಡೆ ಹಿಡಿದು ಅದರ ಮೇಲೆ ನಡೆದೆವು. ನೆಲ ನೀರು ಕುಡಿಯಿತು. ಹಳಿ ಏಳಲಿಲ್ಲ. ಅಕೆಲೋಳ ಮಗಳಿಗೆ ಈಗ ಎರಡು ವರ್ಷ ದಾಟಿದೆ. ನನ್ನನ್ನು ಏನೆಂದು ಕರೆಯಬೇಕೆಂದು ಅವಳು ಇನ್ನೂ ನಿರ್ಧರಿಸಿಲ್ಲ. ನನ್ನ ಅಳತೆಯ ದಾರವನ್ನು ಮಾತ್ರ ತನ್ನದೆಂದು ತಿಳಿದಿದ್ದಾಳೆ.

ನಾಳೆ ಈ ದಾರಿಯನ್ನು ಇಲ್ಲಿಯ ಜನರಿಗೆ ಒಪ್ಪಿಸುತ್ತೇವೆ. ಅದು ನನ್ನ ಕೆಲಸದ ಕೊನೆಯ ದಿನವೂ ಹೌದು. ಒಪ್ಪಿಸುವ ಪತ್ರಕ್ಕೆ ಸಹಿ ಮಾಡುವವರು ಪಕ್ಕದಲ್ಲಿ ‘ತಾಯಿಸಾಲು’ ಬರೆಯಬೇಕೆಂಬ ಪದ್ಧತಿ ನಮ್ಮಲ್ಲಿದೆ. ತನ್ನ ಹೆಸರು, ತಾಯಿ, ತಾಯಿಯ ತಾಯಿ, ಹೀಗೆ ಆರು ಹೆಸರು, ಒಂದರ ಕೆಳಗೊಂದು. ಇಂದು ಬೆಳಿಗ್ಗೆ ಒಜುಲು ತನ್ನ ಆರನ್ನೂ ಪೆನ್ನು ಎತ್ತದೆ ಬರೆದ. ನಾನು ಐದು ಬರೆದೆ. ಐದನೆಯದು ನಿಮ್ಮದು. ಆರನೆಯ ಗೆರೆಗೆ ಬಂದಾಗ ಕೈ ನಿಂತಿತು.

ನಿಮ್ಮ ತಾಯಿಯ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಚಿಗವ್ವನನ್ನು ಕೇಳಿದೆ, ಊರಿನ ಹಳೆಯ ದಾಖಲೆಗಳನ್ನು ಹುಡುಕಿಸಿದೆ. ಎಲ್ಲಿಯೂ ಇಲ್ಲ. ನಿಮಗೆ ನಡೆಯಲು ಕಲಿಸಿದವರು ಅವರು, ಅವರಿಗೊಂದು ಹೆಸರಿತ್ತು, ಯಾರೋ ಅದನ್ನು ಕೂಗಿ ಕರೆಯುತ್ತಿದ್ದರು. ಆ ಗೆರೆಯನ್ನು ಅಳಿಸಿಬಿಡಲೇ ಎಂದು ಒಜುಲುವನ್ನು ಕೇಳಿದೆ.

“ಬ್ಯಾಡ್ರಿ,” ಅಂದ. “ಇರ್ಲಿ. ಗೊತ್ತಾದಾಗ ಬರೀರಿ.”

ಅದಕ್ಕೇ ಈ ಕಾಗದ. ನಿಮ್ಮಿಂದ ನನಗೆ ಬೇಕಾದದ್ದು ಇದೊಂದೇ. ನಾಳೆ ಕೆಲಸಕ್ಕೆ ಹೋಗುವ ಮುನ್ನ, ನಿಮ್ಮ ಮಗಳನ್ನು ಹತ್ತಿರ ಕೂರಿಸಿಕೊಂಡು, ಅವಳ ಅಜ್ಜಿಯ ಹೆಸರನ್ನು ಅವಳಿಗೆ ಹೇಳಿಕೊಡಿ. ಎರಡು ಸಲ ಹೇಳಿಸಿ. ಗೋಡೆಯ ಮೇಲಾದರೂ, ಪಾಟಿಯ ಹಿಂದಾದರೂ ಬರೆದಿಡಿ. ಪೂರ್ತಿ ಹೆಸರೇ ಆಗಬೇಕೆಂದಿಲ್ಲ, ಮನೆಯಲ್ಲಿ ಕರೆಯುತ್ತಿದ್ದದ್ದಾದರೂ ಸಾಕು. ನಾನು ಜಾಗ ಬಿಟ್ಟಿದ್ದೇನೆ.

ಬಿಸಿಲು ಜೋಪಾನ.

ನಿಮ್ಮ,
ಸುಮೇಧಾ ಅಣ್ಣಿಗೇರಿ